ಬೀಗದ ಕೈ ಕೊಡುವ ಮುಂಚೆ: ಬಾಡಿಗೆದಾರರಿಗೆ ನಿಜಕ್ಕೂ ಇರುವ ಹಕ್ಕುಗಳು

2025ರ ಕೊನೆಯ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಜೋರಾಗಿ ಓಡಾಡಿತು. 'ಹೊಸ ಬಾಡಿಗೆ ನಿಯಮ ಬಂತು, ಇನ್ಮೇಲೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ' ಅಂತ. ಬೆಂಗಳೂರಿನಲ್ಲಿ ಆರು ತಿಂಗಳದ್ದೋ ಹತ್ತು ತಿಂಗಳದ್ದೋ ಅಡ್ವಾನ್ಸ್ ಕಟ್ಟಿ ಕೂತವರಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನು ಬೇಕು? ಆದರೆ ಅದನ್ನು ಓನರಿಗೆ ಫಾರ್ವರ್ಡ್ ಮಾಡಿ ಜಗಳಕ್ಕೆ ಇಳಿಯುವ ಮುಂಚೆ ಒಂದು ವಿಷಯ ಗೊತ್ತಿರಲಿ. ಕರ್ನಾಟಕದಲ್ಲಿ ಅಂಥ ನಿಯಮ ಇಲ್ಲ.

ಆ ಎರಡು ತಿಂಗಳ ಲೆಕ್ಕ ಬಂದಿದ್ದು ಮಾದರಿ ಬಾಡಿಗೆ ಕಾಯ್ದೆಯಿಂದ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟಿದ್ದು ಅದಕ್ಕೆ. ವಾಸದ ಮನೆಗೆ ಎರಡು ತಿಂಗಳು, ಅಂಗಡಿ-ಆಫೀಸಿಗೆ ಆರು ತಿಂಗಳು, ಇದಕ್ಕಿಂತ ಜಾಸ್ತಿ ಠೇವಣಿ ಬೇಡ ಅಂತ ಅದರಲ್ಲಿದೆ. ಹೆಸರಲ್ಲೇ ಇದೆಯಲ್ಲ, ಅದೊಂದು ಮಾದರಿ ಅಷ್ಟೇ. ಮನೆ ಬಾಡಿಗೆ ರಾಜ್ಯಗಳ ಕೈಯಲ್ಲಿರುವ ವಿಷಯ. ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಉತ್ತರ ಪ್ರದೇಶ 2021ರಲ್ಲೇ ಹೆಚ್ಚುಕಮ್ಮಿ ಇದೇ ದಾರಿಯ ಕಾಯ್ದೆ ಮಾಡಿತು. ನಮ್ಮಲ್ಲಿ ಇನ್ನೂ ಆಗಿಲ್ಲ.

ಹಾಗಾದರೆ ನಮ್ಮಲ್ಲಿ ಏನಿದೆ? ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಬಾಡಿಗೆ ಎಷ್ಟಿರಬೇಕು, ಯಾವ ಯಾವ ಕಾರಣಕ್ಕೆ ಬಾಡಿಗೆದಾರನನ್ನು ಬಿಡಿಸಬಹುದು, ಎಲ್ಲವೂ ಅದರಲ್ಲಿದೆ. ಆದರೆ ಅದರ ಬಾಗಿಲಲ್ಲೇ ಒಂದು ಷರತ್ತು ನಿಂತಿದೆ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂಗಡಿಯಾದರೆ 14 ಚದರ ಮೀಟರ್ ಒಳಗಿರಬೇಕು, ಅಂದರೆ ಸುಮಾರು 150 ಚದರ ಅಡಿ. ಹೊಸ ಕಟ್ಟಡವಾದರೆ ಮೊದಲ ಹದಿನೈದು ವರ್ಷ ವಿನಾಯಿತಿ ಬೇರೆ. ಕಾಲು ಶತಮಾನ ಕಳೆದರೂ ಆ 3,500 ಅಲ್ಲೇ ನಿಂತಿದೆ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಮನೆ ಇರಲಿ, ಕಾರು ನಿಲ್ಲಿಸೋಕೆ ಜಾಗ ಸಿಕ್ಕರೆ ಪುಣ್ಯ. ಅಂದರೆ 'ಬಾಡಿಗೆ ಕಾಯ್ದೆ ಇದೆ, ನಮ್ಮನ್ನು ಕಾಪಾಡುತ್ತೆ' ಅಂತ ನಂಬಿಕೊಂಡ ಬಹುತೇಕರು ಅದರ ಹೊರಗೇ ಇದ್ದಾರೆ.

ಇದು ಹೀಗಾಗಿದ್ದು ಸುಮ್ನೆ ಅಲ್ಲ. ಇದಕ್ಕೂ ಮುಂಚೆ ಇದ್ದ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಪೂರಾ ಬಾಡಿಗೆದಾರರ ಕಡೆಗಿತ್ತು. ಮನೆ ಖಾಲಿಯಾದರೆ ಓನರ್ ಅದನ್ನು ಸರ್ಕಾರದ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಆತ ಯಾರಿಗೆ ಕೊಡು ಅನ್ನುತ್ತಾನೋ ಅವರಿಗೇ ಕೊಡಬೇಕಾಗಿ ಬರಬಹುದಿತ್ತು. ಮನೆಗಳಿಗೆ ಬರ ಇದ್ದ ಕಾಲಕ್ಕೆ ಅದು ಬೇಕಿತ್ತೇನೋ. ಆದರೆ ಬಾಡಿಗೆ ಏರದೆ, ಬಾಡಿಗೆದಾರರು ಏಳದೆ, ಪೇಟೆಯ ಹಳೇ ಕಟ್ಟಡಗಳ ಮಾಲೀಕರು ಸುಸ್ತಾಗಿ ಹೋದರು. 'ಒಂದು ಸಲ ಒಳಗೆ ಬಿಟ್ಟರೆ ಮುಗೀತು' ಅನ್ನುವ ಹೆದರಿಕೆ ಓನರುಗಳಲ್ಲಿ ಇವತ್ತಿಗೂ ಇರುವುದು ಆ ಕಾಲದ ಬಳುವಳಿ. ದೊಡ್ಡ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು, ಎಲ್ಲದರ ಹಿಂದೆಯೂ ಆ ಹೆದರಿಕೆಯ ಪಾಲಿದೆ.

ಬಾಡಿಗೆ ಕಾಯ್ದೆ ಕೈಬಿಟ್ಟ ಮೇಲೆ ನಮ್ಮನ್ನು ನೋಡಿಕೊಳ್ಳುವುದು ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಕಾಯ್ದೆ, 1882. ಇದರ ಜೊತೆಗೆ ನೀವು ಸಹಿ ಹಾಕಿದ ಕರಾರು ಪತ್ರ. ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮನೆಯೊಳಗೆ ಇರುವಷ್ಟು ದಿನ ಬಾಡಿಗೆದಾರ ತಾನು ಅಂದುಕೊಂಡಿರುವುದಕ್ಕಿಂತ ಗಟ್ಟಿ. ಬೀಗದ ಕೈ ಕೊಟ್ಟ ಮರುಕ್ಷಣ ತಾನು ಅಂದುಕೊಂಡಿರುವುದಕ್ಕಿಂತ ಬಡಪಾಯಿ. ಬಹಳ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ. ಓನರ್ ಜೋರು ಮಾಡಿದ ಕೂಡಲೇ ಹೆದರಿ ಗಂಟುಮೂಟೆ ಕಟ್ಟುತ್ತಾರೆ. ಅಡ್ವಾನ್ಸ್ ವಿಷಯ ಬಂದಾಗ ಮಾತ್ರ 'ಕೊಡದೆ ಎಲ್ಲಿ ಹೋಗ್ತಾರೆ ಬಿಡಿ' ಅಂತ ಧೈರ್ಯವಾಗಿರುತ್ತಾರೆ.

ಒಳಗಿದ್ದಾಗ

'ನಾಳೆನೇ ಖಾಲಿ ಮಾಡು' ಅನ್ನುವ ಮಾತಿಗೆ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ತಿಂಗಳ ಲೆಕ್ಕದ ಬಾಡಿಗೆಯನ್ನು ನಿಲ್ಲಿಸಬೇಕಾದರೆ 1882ರ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಲಿಖಿತವಾಗಿ ಹದಿನೈದು ದಿನದ ನೋಟಿಸ್ ಕೊಡಬೇಕು. ಕರಾರಿನಲ್ಲಿ ಒಂದು ತಿಂಗಳು, ಎರಡು ತಿಂಗಳು ಅಂತ ಬರೆದಿದ್ದರೆ ಅದು ನಡೆಯುತ್ತದೆ. ಕರಾರಿನ ಅವಧಿ ಮುಗಿದೇ ಹೋಗಿದೆಯಾ? ಆಮೇಲೂ ಓನರ್ ಬಾಡಿಗೆ ತಗೊಂಡಿದ್ದರೆ, ಬೇರೆ ಮಾತು ಆಗಿಲ್ಲದಿದ್ದರೆ, ತಿಂಗಳ ಲೆಕ್ಕದಲ್ಲಿ ಬಾಡಿಗೆ ಮುಂದುವರಿದ ಹಾಗೆ. ಆಗಲೂ ನೋಟಿಸ್ ಬೇಕು.

ನೋಟಿಸ್ ಕೊಟ್ಟ ಮೇಲೂ ನೀವು ಏಳಲಿಲ್ಲ ಅನ್ನಿ. ಓನರ್ ಕೋರ್ಟಿಗೆ ಹೋಗಬೇಕು, ದಾವೆ ಹಾಕಬೇಕು, ಗೆಲ್ಲಬೇಕು, ಆಮೇಲೆ ಕೋರ್ಟಿನ ಅಮೀನರು ಬಂದು ಬಿಡಿಸಬೇಕು. ಓನರ್ ಆಗಲಿ, ಅವರ ಬಾಮೈದ ಆಗಲಿ, ಏರಿಯಾದ ಲೀಡರ್ ಆಗಲಿ, ಸಾಮಾನು ಎತ್ತಿ ಬೀದಿಗೆ ಹಾಕುವ ಹಾಗಿಲ್ಲ. ಪೊಲೀಸರಿಗೂ ಕೋರ್ಟಿನ ಆದೇಶ ಇಲ್ಲದೆ ಮನೆ ಬಿಡಿಸುವ ಅಧಿಕಾರ ಇಲ್ಲ. ನೆಲೆಯಾಗಿ ಸ್ವಾಧೀನದಲ್ಲಿ ಇರುವವರನ್ನು ಕಾನೂನಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2003ರ ಡಿಸೆಂಬರ್‌ನಲ್ಲಿ ಹೇಳಿತು. ಅದೂ ಕರ್ನಾಟಕದಿಂದಲೇ ಹೋದ ಕೇಸು.

ಸಂಜೆ ಕೆಲಸ ಮುಗಿಸಿ ಬಂದಾಗ ಬಾಗಿಲಿಗೆ ಬೇರೆ ಬೀಗ ಬಿದ್ದಿದೆ ಅಂದರೆ ಏನು ಮಾಡಬೇಕು? ಮೊದಲು ಬೀಗದ ಫೋಟೊ ತೆಗೆಯಿರಿ. 112ಕ್ಕೆ ಫೋನ್ ಮಾಡಿ. ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿ ತಗೊಳ್ಳಿ. 'ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ' ಅಂತ ಕಳಿಸಲು ನೋಡುತ್ತಾರೆ. ಬಾಡಿಗೆ ಬಾಕಿ ಸಿವಿಲ್ ಹೌದು. ಆದರೆ ನಿಮ್ಮ ಸ್ವಾಧೀನದಲ್ಲಿರುವ ಮನೆಗೆ ಬೆದರಿಸಲೆಂದು ನುಗ್ಗುವುದು, ಓಡಾಡದಂತೆ ತಡೆಯುವುದು, ಜೀವಬೆದರಿಕೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಅತಿಕ್ರಮ ಪ್ರವೇಶದ ವಿಷಯದಲ್ಲಿ ಕಾನೂನು ನೋಡುವುದು ಆಸ್ತಿ ಯಾರ ಹೆಸರಲ್ಲಿದೆ ಅಂತಲ್ಲ, ಯಾರ ಸ್ವಾಧೀನದಲ್ಲಿದೆ ಅಂತ. ಹಾಗಾಗಿ ದೂರಿನಲ್ಲಿ ಅಡ್ವಾನ್ಸಿನ ಕಥೆ ಉದ್ದಕ್ಕೆ ಬರೆಯಬೇಡಿ. ಇಷ್ಟು ಹೊತ್ತಿಗೆ ಇಂಥವರು ಬಂದರು, ಹೀಗೆ ಮಾಡಿದರು, ಒಳಗೆ ನಮ್ಮ ಇಂಥ ಸಾಮಾನು, ಔಷಧಿ, ಮಕ್ಕಳ ಪುಸ್ತಕ ಇವೆ ಅಂತ ಬರೆಯಿರಿ.

ಕೋರ್ಟಿನ ದಾರಿಯೂ ಇದೆ. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಸೆಕ್ಷನ್ ಅಡಿ ಹಾಕುವ ದಾವೆಯಲ್ಲಿ ಕೇಳುವ ಪ್ರಶ್ನೆ ಒಂದೇ. ಇವರು ಒಳಗಿದ್ದರಾ, ಇವರ ಒಪ್ಪಿಗೆ ಇಲ್ಲದೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರಾ? ಮನೆ ಯಾರದು ಅನ್ನುವ ಚರ್ಚೆ ಅಲ್ಲಿಲ್ಲ. ಆದರೆ ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹೂಡಬೇಕು. ಇನ್ನೂ ಹೊರಹಾಕಿಲ್ಲ, ಹಾಕುವ ಲಕ್ಷಣ ಇದೆ ಅಂದರೆ ತಡೆಯಾಜ್ಞೆ ಕೇಳಬಹುದು.

ಬೀಗ ಹಾಕುವ ಧೈರ್ಯ ಇಲ್ಲದ ಓನರ್ ಕೈ ಹಾಕುವುದು ಮೋಟಾರ್ ಸ್ವಿಚ್ಚಿಗೆ, ಇಲ್ಲವೇ ಫ್ಯೂಸಿಗೆ. ಎರಡು ದಿನ ನೀರು ಬಿಡದಿದ್ದರೆ ಸಾಕು, ಸಂಸಾರಸ್ಥರು ತಾವೇ ಮನೆ ಹುಡುಕಲು ಶುರು ಮಾಡುತ್ತಾರೆ. ಇದಕ್ಕೂ ತಡೆಯಾಜ್ಞೆ ಸಿಗುತ್ತದೆ. ಕರೆಂಟಿನ ವಿಷಯದಲ್ಲಂತೂ ಕಾನೂನು ಸ್ಪಷ್ಟವಾಗಿದೆ. ವಿದ್ಯುತ್ ಕಾಯ್ದೆ, 2003ರ ಪ್ರಕಾರ ಸಂಪರ್ಕ ಕೇಳುವ ಹಕ್ಕು ಮಾಲೀಕನಿಗಷ್ಟೇ ಅಲ್ಲ, ವಾಸ ಇರುವವನಿಗೂ ಇದೆ. ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರನಿಗೆ ಕರೆಂಟ್ ನಿರಾಕರಿಸುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೃಹಜ್ಯೋತಿ ಯೋಜನೆ ಕೂಡ ಬಾಡಿಗೆದಾರರಿಗೆ ಸಿಗುತ್ತದೆ, ಪ್ರತ್ಯೇಕ ಮೀಟರ್ ಇದ್ದರೆ. ಒಂದೇ ಮೀಟರಿನಿಂದ ಮೂರು ಮನೆಗೆ ವೈರ್ ಎಳೆದು, ಸಬ್ ಮೀಟರ್ ಇಟ್ಟು, ಯೂನಿಟ್ಟಿಗೆ ತಮಗೆ ತೋಚಿದ ರೇಟು ಹಾಕುವ ಕಟ್ಟಡಗಳಲ್ಲಿ ಅದು ಕೈತಪ್ಪುತ್ತದೆ. ಮನೆ ನೋಡಲು ಹೋದಾಗ ಹಾಲ್ ಎಷ್ಟು ದೊಡ್ಡದು ಅಂತ ಅಳೆಯುವ ಮುಂಚೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ನೋಡಿ.

ಬಾಡಿಗೆ ಏರಿಸುವ ವಿಷಯ ಬೇಗ ಮುಗಿಸಬಹುದು. 3,500ರ ಗೆರೆ ದಾಟಿದ ಮನೆಗೆ ಕಾನೂನಿನ ಮಿತಿ ಇಲ್ಲ. ಕರಾರಿನ ಅವಧಿಯ ನಡುವೆ, ಕರಾರಿನಲ್ಲಿ ಇಲ್ಲದಿದ್ದರೆ, ಏರಿಸುವಂತಿಲ್ಲ. ಅವಧಿ ಮುಗಿದ ಮೇಲೆ ಅವರ ಬಾಯಿ, ನಿಮ್ಮ ಕಿವಿ.

ಹೊರಬಂದ ಮೇಲೆ

ಈಗ ಅಡ್ವಾನ್ಸಿಗೆ ಬರೋಣ. ಬಾಡಿಗೆದಾರರ ಸೋಲು ಶುರುವಾಗುವುದೇ ಇಲ್ಲಿ.

ಒಂದು ಲೆಕ್ಕ ಹಿಡಿಯಿರಿ. ಬಾಡಿಗೆ 20,000, ಅಡ್ವಾನ್ಸ್ 1,20,000. ನಾಲ್ಕು ವರ್ಷ ಇದ್ದು ಖಾಲಿ ಮಾಡುತ್ತಿದ್ದೀರಿ. ಸಾಮಾನೆಲ್ಲ ಟೆಂಪೋಗೆ ಏರಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಆಗ ಓನರ್ ಬಂದು ಗೋಡೆ ನೋಡುತ್ತಾರೆ. ಟಿವಿ ಹಾಕಿದ್ದ ಕಡೆ ನಾಲ್ಕು ತೂತು. ಅಡುಗೆಮನೆ ಟೈಲ್ಸ್ ಮೇಲೆ ಒಗ್ಗರಣೆಯ ಜಿಡ್ಡು. ಬಾತ್‌ರೂಮಿನ ನಲ್ಲಿಯಲ್ಲಿ ಉಪ್ಪು ಕಟ್ಟಿದೆ, ಬೋರ್‌ವೆಲ್ ನೀರಿನ ಕೃಪೆ. 'ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡೀತೀವಿ, ಪ್ಲಂಬಿಂಗಿಗೆ ಒಂದೈದು ಸಾವಿರ, ಕ್ಲೀನಿಂಗಿಗೆ ಮೂರು. ಈಗ ಕೈಯಲ್ಲಿ ಅಷ್ಟು ಇಲ್ಲ, ಹೊಸಬರು ಬರಲಿ, ಅಡ್ವಾನ್ಸ್ ಬಂದ ತಕ್ಷಣ ಹಾಕ್ತೀನಿ.' ನೀವು ತಲೆ ಆಡಿಸುತ್ತೀರಿ. ಇನ್ನೇನು ಮಾಡೋದು? ಟೆಂಪೋ ಕಾಯುತ್ತಿದೆ.

ಕಾನೂನು ಏನು ಹೇಳುತ್ತದೆ? 1882ರ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವಕಳಿಯನ್ನು ಬಿಟ್ಟು. ನಾಲ್ಕು ವರ್ಷದಲ್ಲಿ ಬಣ್ಣ ಮಾಸುವುದು ಸವಕಳಿ. ಉಪ್ಪು ನೀರಿಗೆ ನಲ್ಲಿ ಕಟ್ಟುವುದೂ ಸವಕಳಿ. ಮಗು ಗೋಡೆ ತುಂಬ ಸ್ಕೆಚ್ ಪೆನ್ನಲ್ಲಿ ಬರೆದಿದ್ದರೆ, ಸಿಂಕ್ ಒಡೆದಿದ್ದರೆ, ಅದು ನಿಮ್ಮ ಖರ್ಚು. ಇಷ್ಟು ಕೇಳಿ ಖುಷಿಪಡುವ ಮುಂಚೆ ಅದೇ ಸೆಕ್ಷನ್ನಿನ ಮೊದಲ ಸಾಲು ಓದಬೇಕು. ಇದೆಲ್ಲ ಅನ್ವಯಿಸುವುದು ಕರಾರಾಗಲಿ, ಆ ಊರಿನ ರೂಢಿಯಾಗಲಿ ಬೇರೆ ಹೇಳದಿದ್ದರೆ ಮಾತ್ರ. ಬೆಂಗಳೂರಿನ ಕರಾರು ಪತ್ರಗಳಲ್ಲಿ 'ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು' ಅನ್ನುವ ಸಾಲು ಮಾಮೂಲಿ. ಅದಕ್ಕೆ ಸಹಿ ಹಾಕಿದ ಮೇಲೆ ಸವಕಳಿಯ ವಾದ ಮೆತ್ತಗಾಗುತ್ತದೆ. ಅಂದರೆ ಪೇಂಟಿಂಗ್ ಜಗಳದ ಸೋಲು-ಗೆಲುವು ತೀರ್ಮಾನವಾಗುವುದು ಮನೆ ಬಿಡುವ ದಿನ ಅಲ್ಲ, ಸೇರುವ ದಿನ. 'ಎರಡು ವರ್ಷ ಮೀರಿ ಇದ್ದರೆ ಪೇಂಟಿಂಗ್ ಹಣ ಹಿಡಿಯುವಂತಿಲ್ಲ' ಅಂತ ಒಂದು ಸಾಲು ಸೇರಿಸಿ ಅಂತ ಆಗಲೇ ಕೇಳಿ. ಬಾಡಿಗೆಯಲ್ಲಿ ಐನೂರು ಕಮ್ಮಿ ಮಾಡಿಸಲು ಚೌಕಾಶಿ ಮಾಡುವವರು ಈ ಇಪ್ಪತ್ತು ಸಾವಿರದ ಸಾಲನ್ನು ಓದುವುದೇ ಇಲ್ಲ.

ಅಡ್ವಾನ್ಸ್ ಎಷ್ಟು ದಿನದೊಳಗೆ ಕೊಡಬೇಕು ಅನ್ನುವುದಕ್ಕೂ ನಮ್ಮಲ್ಲಿ ಇಂಥ ಮನೆಗಳಿಗೆ ಪ್ರತ್ಯೇಕ ಗಡುವು ಇಲ್ಲ. ಕರಾರೇ ಕಾನೂನು. 'ಬೀಗದ ಕೈ ಒಪ್ಪಿಸುವ ದಿನವೇ' ಅನ್ನುವ ನಾಲ್ಕು ಪದ ಅದರಲ್ಲಿದ್ದರೆ ನಿಮಗೆ ಹಿಡಿತ ಇರುತ್ತದೆ. ಇನ್ನೊಂದು ಹಿಡಿತ, ನೋಟಿಸ್ ಅವಧಿಯ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಅನ್ನುವುದು. ಬಹಳ ಜನ ಹೀಗೆ ಮಾಡುತ್ತಾರೆ. ಓನರ್ ಒಪ್ಪಿ, ಆ ಒಪ್ಪಿಗೆ ಬರಹದಲ್ಲಿದ್ದರೆ ತೊಂದರೆ ಇಲ್ಲ. ಕೇಳದೆ ಬಾಡಿಗೆ ನಿಲ್ಲಿಸಿದರೆ ಮಾತ್ರ ನೀವೇ ಬಾಕಿದಾರರಾಗುತ್ತೀರಿ, ಅವರ ಕೈಗೆ ಕೋಲು ಕೊಟ್ಟ ಹಾಗೆ.

ನನ್ನ ಪ್ರಕಾರ ವಕೀಲರ ನೋಟಿಸಿಗಿಂತ ಮುಂಚೆ ಬೇಕಾದದ್ದು ನೀವೇ ಕಳಿಸುವ ಒಂದು ಸರಳ ಮೆಸೇಜು. ಹೀಗಿದ್ದರೆ ಸಾಕು: 'ನಮಸ್ಕಾರ ಸರ್. ಕರಾರಿನಂತೆ ಇವತ್ತಿನಿಂದ ಎರಡು ತಿಂಗಳ ನೋಟಿಸ್ ಕೊಡುತ್ತಿದ್ದೇನೆ. ಇಂಥ ತಾರೀಕಿಗೆ ಮನೆ ಖಾಲಿ ಮಾಡುತ್ತೇನೆ. ನಿಮ್ಮ ಹತ್ತಿರ ನನ್ನ ಅಡ್ವಾನ್ಸ್ 1,20,000 ರೂಪಾಯಿ ಇದೆ. ಏನಾದರೂ ಹಿಡಿಯುವುದಿದ್ದರೆ ಯಾವುದಕ್ಕೆ ಎಷ್ಟು ಅಂತ ಹದಿನೈದು ದಿನ ಮುಂಚೆ ತಿಳಿಸಿ. ಇಬ್ಬರೂ ಕೂಡಿ ಒಮ್ಮೆ ಮನೆ ನೋಡೋಣ. ಕೀ ಕೊಡುವ ದಿನವೇ ಉಳಿದ ಹಣ ನನ್ನ ಖಾತೆಗೆ ಹಾಕಿ.' ಇದಕ್ಕೆ ಬರುವ 'ಓಕೆ' ಕೂಡ ಸಾಕ್ಷಿಯೇ. ಮನೆ ಸೇರುವ ದಿನ ಒಂದು ವಿಡಿಯೊ, ಬಿಡುವ ದಿನ ಒಂದು ವಿಡಿಯೊ ತೆಗೆದು ಅವರಿಗೂ ಕಳಿಸಿ. ಎಲೆಕ್ಟ್ರಾನಿಕ್ ದಾಖಲೆಗಳನ್ನು ಕೋರ್ಟು ಪ್ರಮಾಣಪತ್ರದ ಜೊತೆ ಒಪ್ಪುತ್ತದೆ. ಹಾಗಾಗಿ ಫೋನ್ ಬದಲಾಯಿಸಿದರೂ ಚಾಟ್ ಕಳೆದುಕೊಳ್ಳಬೇಡಿ.

ಅಡ್ವಾನ್ಸನ್ನು ನಗದಾಗಿ ಕೊಡಬೇಡಿ ಅಂತ ಹೇಳುವುದು ಸುಲಭ. 'ಕ್ಯಾಶ್ ಆದರೆ ಮಾತ್ರ ಮನೆ' ಅನ್ನುವವರು ಇನ್ನೂ ಇದ್ದಾರಲ್ಲ. ಅವರಿಗೆ ತೆರಿಗೆಯ ಭಯ. ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವಾಗ ಓನರ್ ಪ್ಯಾನ್ ನಂಬರ್ ಕೊಡಬೇಕಾಗುತ್ತದೆ, ಅದೂ ಅವರಿಗೆ ಇಷ್ಟವಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಕರಾರಿನಲ್ಲಿ ಪೂರ್ತಿ ಮೊತ್ತ ಬರೆಸಿ, 'ನಗದಾಗಿ ಸ್ವೀಕರಿಸಿದ್ದೇನೆ' ಅನ್ನುವ ಸಾಲಿನ ಕೆಳಗೆ ಸಹಿ ಮಾಡಿಸಿ. ಅದಕ್ಕೂ ಒಪ್ಪದವರ ಮನೆಗೆ ಹೋಗದಿರುವುದೇ ವಾಸಿ.

ಹನ್ನೊಂದು ತಿಂಗಳು

ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹುಟ್ಟಿದ್ದು ಹನ್ನೊಂದು ತಿಂಗಳ ಕರಾರು. ತಪ್ಪೇನೂ ಇಲ್ಲ, ಕಾನೂನಿನ ಒಳಗೇ ಇದೆ. ತಪ್ಪಾಗುವುದು ಛಾಪಾ ಕಾಗದದಲ್ಲಿ. ಮೂಲೆ ಅಂಗಡಿಯಲ್ಲಿ ಸಿಕ್ಕಿದ ಬೆಲೆಯ ಇ-ಸ್ಟಾಂಪ್ ಮೇಲೆ ಹಳೇ ಕರಾರನ್ನೇ ಪ್ರಿಂಟ್ ಹೊಡೆದು ಹೆಸರು ಬದಲಾಯಿಸುತ್ತಾರೆ. ಮುದ್ರಾಂಕ ಶುಲ್ಕ ಕಮ್ಮಿ ಇದ್ದರೆ ಕೋರ್ಟು ಆ ಪತ್ರವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವ ಮುಂಚೆ ಕಮ್ಮಿಯಾದ ಶುಲ್ಕವನ್ನೂ, ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿಸಿಕೊಳ್ಳುತ್ತದೆ. ಆ ದಂಡ ಕಟ್ಟಬೇಕಾಗುವುದು ಪತ್ರ ಹಿಡಿದು ನ್ಯಾಯ ಕೇಳಲು ಹೋದವರು. ಅಂದರೆ ಸಾಮಾನ್ಯವಾಗಿ ನೀವು.

ನಡುವೆ ಓನರ್ ಮನೆ ಮಾರಿದರೆ? ನಿಮ್ಮ ಬಾಡಿಗೆ ಮುರಿದು ಬೀಳುವುದಿಲ್ಲ. ಕೊಂಡವರು ನಿಮ್ಮನ್ನೂ ಸೇರಿಸಿಯೇ ಕೊಂಡ ಹಾಗೆ. ಆದರೆ ಅಡ್ವಾನ್ಸ್ ಯಾರು ಕೊಡಬೇಕು ಅನ್ನುವುದಕ್ಕೆ ಹೊಸಬರಿಂದ ಒಂದು ಪತ್ರ ತಗೊಳ್ಳದೆ ಅವರಿಗೆ ಬಾಡಿಗೆ ಹಾಕಲು ಶುರು ಮಾಡಬೇಡಿ.

ಭೋಗ್ಯದ ಬಲೆ

ಬೆಂಗಳೂರಿನ ಮಧ್ಯಮ ವರ್ಗಕ್ಕೆ ಭೋಗ್ಯ ಅಂದರೆ, ಅಂದರೆ 'ಲೀಸ್' ಅಂದರೆ, ಭಾರೀ ಆಸೆ. ಹತ್ತು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಹತ್ತು ಲಕ್ಷ ವಾಪಸ್. ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಇಟ್ಟರೆ ಆ ಹಣಕ್ಕೆ ತಿಂಗಳಿಗೆ 5,800 ರೂಪಾಯಿ ಚಿಲ್ಲರೆ ಬರುತ್ತದೆ. ಅಷ್ಟು ಕಳೆದುಕೊಂಡು 15,000 ಬಾಡಿಗೆಯ ಮನೆಯಲ್ಲಿ ಇರಬಹುದು. ಲೆಕ್ಕ ಇಷ್ಟು ಚೆನ್ನಾಗಿದೆ ಅಂದಾಗಲೇ ಕೇಳಬೇಕಾದ ಪ್ರಶ್ನೆ, ಓನರ್ ಯಾಕೆ ಒಪ್ಪುತ್ತಿದ್ದಾರೆ? ಸಾಮಾನ್ಯವಾಗಿ ಅವರಿಗೆ ಗಂಟು ಹಣ ಅರ್ಜೆಂಟಾಗಿ ಬೇಕಿರುತ್ತದೆ. ಮೇಲಿನ ಮಹಡಿ ಕಟ್ಟಲು, ಮದುವೆಗೆ, ಇಲ್ಲವೇ ಹಳೇ ಸಾಲ ತೀರಿಸಲು. ಆ ಕೊನೆಯದು ಇದ್ದರೆ ಹುಷಾರು. ಮನೆ ಬ್ಯಾಂಕಿನಲ್ಲಿ ಅಡ ಇದ್ದು ಕಂತು ತಪ್ಪಿದರೆ ಬ್ಯಾಂಕ್ ಅಡ ಇಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಿಕೊಳ್ಳುವ 2002ರ ಸರ್ಫೇಸಿ ಕಾಯ್ದೆ ಹಿಡಿದು ಬಾಗಿಲಿಗೆ ನೋಟಿಸ್ ಅಂಟಿಸುತ್ತದೆ. ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು ಅಂತ 2016ರಲ್ಲಿ ತಿದ್ದುಪಡಿ ಆಗಿದೆ ನಿಜ. ಆದರೆ ಅಡ ಇಟ್ಟ ಮೇಲೆ, ನೋಂದಣಿ ಇಲ್ಲದ ಕಾಗದದ ಮೇಲೆ ಒಳಬಂದವರಿಗೆ ಅಲ್ಲಿ ಸಿಗುವ ರಕ್ಷಣೆ ತೀರಾ ಕಮ್ಮಿ.

ಇದಕ್ಕಿಂತ ಕೆಟ್ಟದ್ದು ನಡುವಿನ ಕಂಪನಿಗಳ ಆಟ. ಓನರ್ ಹತ್ತಿರ 'ನಾವು ತಿಂಗಳು ತಿಂಗಳು ಬಾಡಿಗೆ ಕೊಡ್ತೀವಿ, ಮನೆ ನೋಡ್ಕೋತೀವಿ' ಅಂತ ಮನೆ ತಗೊಳ್ಳುತ್ತಾರೆ. ಅದೇ ಮನೆಯನ್ನು ನಿಮಗೆ ಲಕ್ಷಗಟ್ಟಲೆ ಭೋಗ್ಯಕ್ಕೆ ಕೊಡುತ್ತಾರೆ. ಕೆಲವು ತಿಂಗಳು ಓನರಿಗೆ ಬಾಡಿಗೆ ಸರಿಯಾಗಿ ಹೋಗುತ್ತದೆ, ನಿಮ್ಮದೇ ದುಡ್ಡಿನಲ್ಲಿ. ಆಮೇಲೆ ನಿಲ್ಲುತ್ತದೆ, ಆಫೀಸಿಗೆ ಬೀಗ. ಓನರ್ ಬಂದು 'ಬಾಡಿಗೆ ಎಲ್ಲಿ?' ಅನ್ನುತ್ತಾರೆ. ನೀವು 'ಹತ್ತು ಲಕ್ಷ ಕೊಟ್ಟಿದ್ದೀನಲ್ಲ' ಅನ್ನುತ್ತೀರಿ. ಇಬ್ಬರೂ ನಿಜವೇ ಹೇಳುತ್ತಿರುತ್ತೀರಿ. ಇಂಥ ಪ್ರಕರಣಗಳು ಬೆಂಗಳೂರಿನ ಠಾಣೆಗಳಲ್ಲಿ ದಾಖಲಾಗಿವೆ. ಇಲ್ಲಿ ಮಾತ್ರ 'ಸಿವಿಲ್ ಮ್ಯಾಟರ್' ಅನ್ನುವ ಉತ್ತರಕ್ಕೆ ಸುಮ್ಮನಾಗಬೇಡಿ, ಇದು ವಂಚನೆ. ಭೋಗ್ಯಕ್ಕೆ ಹೋಗುವುದೇ ಆದರೆ ಹಣ ಓನರ್ ಖಾತೆಗೆ ನೇರವಾಗಿ ಹೋಗಲಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆದು ನೋಡಿ. ಪತ್ರ ನೋಂದಣಿ ಆಗಲೇಬೇಕು ಅಂತ ಪಟ್ಟು ಹಿಡಿಯಿರಿ. ನೋಂದಣಿ ಅಂದ ತಕ್ಷಣ ಓನರ್ ಹಿಂದೆ ಸರಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

ಅತ್ತಿಬೆಲೆ ದಾಟಿದರೆ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಹೊಸೂರಿನಲ್ಲಿ ಮನೆ, ಹೀಗೆ ಇರುವವರು ಈಗ ಸುಮಾರು ಜನ. ಅತ್ತಿಬೆಲೆ ಗಡಿ ದಾಟಿದ ಕೂಡಲೇ ಕಾನೂನೇ ಬೇರೆ. ತಮಿಳುನಾಡಿನ 2017ರ ಕಾಯ್ದೆ ಬಾಡಿಗೆ ಎಷ್ಟೇ ಇರಲಿ ಅನ್ವಯಿಸುತ್ತದೆ. ಬೇರೆ ರೀತಿ ಕರಾರು ಆಗದಿದ್ದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಮುಂಬೈಯಲ್ಲಿರುವ ಕನ್ನಡಿಗರಿಗೆ ಇನ್ನೊಂದು ಬಗೆ. ಮಹಾರಾಷ್ಟ್ರದಲ್ಲಿ ಕರಾರು ನೋಂದಾಯಿಸುವ ಹೊಣೆ ಓನರದ್ದು. ಮಾಡಿಸದಿದ್ದರೆ, ಷರತ್ತು ಏನಿತ್ತು ಅನ್ನುವ ಜಗಳದಲ್ಲಿ ಬಾಡಿಗೆದಾರ ಹೇಳಿದ್ದೇ ನಿಜ ಅಂತ ಕಾನೂನು ಹಿಡಿಯುತ್ತದೆ, ಓನರ್ ಸುಳ್ಳು ಅಂತ ಸಾಬೀತು ಮಾಡುವವರೆಗೆ. ಜೈಲು, ದಂಡವೂ ಉಂಟು. ನನಗೆ ತುಂಬ ಹಿಡಿಸಿದ ಏರ್ಪಾಡು ಇದು. ಈ ನಿಯಮ ಬಾಡಿಗೆ ಎಷ್ಟಿರಬೇಕು ಅಂತ ತಲೆ ಹಾಕುವುದಿಲ್ಲ. ಕಾಗದ ಸರಿ ಇಡುವ ಭಾರವನ್ನು ಮಾತ್ರ ಬಲ ಇರುವವರ ಮೇಲೆ ಹಾಕುತ್ತದೆ.

ಕರ್ನಾಟಕದಲ್ಲಿ ಮಾದರಿ ಕಾಯ್ದೆ ತರಬೇಕೋ ಬೇಡವೋ ಅನ್ನುವ ಚರ್ಚೆ ಯಾವಾಗಲೂ 'ಎರಡು ತಿಂಗಳ ಅಡ್ವಾನ್ಸ್' ಸುತ್ತಲೇ ತಿರುಗುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇಗ ತೀರ್ಪು ಕೊಡುವ ಜಾಗ. ನಿವೃತ್ತಿ ಹಣದಲ್ಲಿ ಮೇಲೊಂದು ಮನೆ ಕಟ್ಟಿ ಅದರ ಬಾಡಿಗೆಯಲ್ಲೇ ಬದುಕುವ ಓನರುಗಳೂ ಇದ್ದಾರೆ. ಬಾಡಿಗೆ ಕಟ್ಟದವನನ್ನು ಬಿಡಿಸಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು ಅಂತಾದರೆ ಅವರು ಹತ್ತು ತಿಂಗಳ ಅಡ್ವಾನ್ಸ್ ಕೇಳದೆ ಇನ್ನೇನು ಮಾಡುತ್ತಾರೆ? ಇತ್ತ, ಐವತ್ತು ಸಾವಿರಕ್ಕಾಗಿ ಅಷ್ಟೇ ವರ್ಷ ಅಲೆಯುವ ತಾಳ್ಮೆ ಬಾಡಿಗೆದಾರನಿಗೂ ಇಲ್ಲ. ನಿಧಾನ ಇಬ್ಬರನ್ನೂ ಹಾಳು ಮಾಡುತ್ತಿದೆ.

ಜಾತಿ, ಧರ್ಮ, ಊಟ, 'ಬ್ಯಾಚುಲರ್' ಅನ್ನುವ ಕಾರಣಕ್ಕೆ ಮನೆ ಸಿಗದವರಿಗೆ ಬಾಡಿಗೆ ಕಾನೂನಿನಲ್ಲಿ ಉತ್ತರವೇ ಇಲ್ಲ. ಬೇರೆ ಕಾನೂನಿನಲ್ಲಿ ಒಂದು ದಾರಿ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಒಂದು ಬಡಾವಣೆಯಲ್ಲಿ ವಾಸ ಮಾಡದಂತೆ ತಡೆಯುವುದು ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, 1955ರ ಅಡಿ ಅಪರಾಧ. ಆದರೆ 'ಮನೆ ಈಗ ತಾನೇ ಹೋಯ್ತು' ಅಂತ ನಗುತ್ತಾ ಹೇಳಿ ಕಳಿಸುವವರ ಮೇಲೆ ಅದನ್ನು ಸಾಬೀತು ಮಾಡುವುದು ಹೇಗೆ?

ಸಹಾಯ ಎಲ್ಲಿ

ಮೊದಲ ಫೋನ್ 15100ಕ್ಕೆ. ಇದು ಕಾನೂನು ಸೇವೆಗಳ ಸಹಾಯವಾಣಿ, ಉಚಿತ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುತ್ತದೆ, ತಾಲ್ಲೂಕು ಮಟ್ಟದಲ್ಲಿ ಸಮಿತಿ ಇರುತ್ತದೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಹೆಂಗಸರಿಗೂ ಇದು ಸಿಗುತ್ತದೆ ಅಂತ ಬಹಳ ಜನರಿಗೆ ಗೊತ್ತೇ ಇಲ್ಲ. ಕರಾರು ಪತ್ರದಲ್ಲಿ ನಿಮ್ಮ ಜೊತೆ ಹೆಂಡತಿಯ ಹೆಸರೂ ಇದ್ದರೆ ಅವರೇ ಅರ್ಜಿ ಹಾಕಬಹುದು.

ಕೇಸು ಹಾಕುವ ಮುಂಚೆಯೇ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿಗೆ ಹೋಗಬಹುದು. ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಆದರೆ ಇಬ್ಬರೂ ಒಪ್ಪಬೇಕು, ಅಲ್ಲಿ ಯಾರೂ ತೀರ್ಪು ಹೇರುವುದಿಲ್ಲ. ಕೊಡುವ ಮನಸ್ಸಿದ್ದೂ ಎಳೆದಾಡುವ ಓನರಿಗೆ ಇದು ಸರಿ. ಫೋನೇ ಎತ್ತದವರಿಗೆ ವಕೀಲರ ನೋಟಿಸ್, ಆಮೇಲೆ ಹಣ ವಸೂಲಿ ದಾವೆ.

ಪಿಜಿಯಲ್ಲಿ ಇರುವವರಿಗೆ ಇನ್ನೊಂದು ಬಾಗಿಲು ಇದೆ. ಬರೀ ಮನೆ ಬಾಡಿಗೆಯ ಜಗಳ ಗ್ರಾಹಕ ಆಯೋಗಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ. ಪಿಜಿಯಲ್ಲಿ ಊಟ, ಕ್ಲೀನಿಂಗ್, ವೈಫೈ ಎಲ್ಲ ಸೇರಿಸಿ ದುಡ್ಡು ತಗೊಳ್ಳುತ್ತಾರಲ್ಲ, ಹಾಗಾಗಿ ಅದನ್ನು ಸೇವೆ ಅಂತ ವಾದಿಸಬಹುದು. ಐದು ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕೇಬೇಕು ಅಂತಿಲ್ಲ. ಊರಿಗೆ ವಾಪಸ್ ಹೋಗಿದ್ದರೂ ಅಡ್ಡಿಯಿಲ್ಲ, 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾವೇರಿಯ ಹುಡುಗ ಬೆಂಗಳೂರಿನ ಪಿಜಿ ಮೇಲೆ ಹಾವೇರಿಯಲ್ಲೇ ಕೂತು ದೂರು ಹಾಕಬಹುದು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಗಡುವು ಎರಡು ನೆನಪಿರಲಿ. ಅಡ್ವಾನ್ಸ್ ವಾಪಸ್ ಕೇಳುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. ಹೊರಹಾಕಿದ ಮನೆಗೆ ಮತ್ತೆ ಸೇರಲು ಹಾಕುವ 6ನೇ ಸೆಕ್ಷನ್ ದಾವೆಗೆ ಆರೇ ತಿಂಗಳು. ನಂಟರ ಮನೆಯಲ್ಲಿ ಸಾಮಾನು ಇಟ್ಟು, ಠಾಣೆಗೆ ನಾಲ್ಕು ಸಲ ಓಡಾಡಿ, ಹಿರಿಯರನ್ನು ಕರೆದು ಪಂಚಾಯ್ತಿ ಮಾಡಿಸುವಷ್ಟರಲ್ಲಿ ಈ ಎರಡನೆಯದು ಮುಗಿದಿರುತ್ತದೆ. ಪಂಚಾಯ್ತಿ ಬೇಕಾದರೆ ನಡೆಯಲಿ, ದಾವೆಯ ಅರ್ಜಿ ಅದರ ಜೊತೆಜೊತೆಗೇ ತಯಾರಾಗಲಿ.